ಏನೂ ಮಾಡದ ಗ್ಯಾಸಿಗೆ ದುಡ್ಡು ಯಾಕೆ?

ಪ್ರಶ್ನೆ: ನಾನು ವೆಲ್ಡಿಂಗ್ ಕಲಿಯುತ್ತಿದ್ದೇನೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಕೆಲಸಕ್ಕೆ ಆರ್ಗಾನ್ ಸಿಲಿಂಡರ್ ಬೇಕೇ ಬೇಕು ಅಂತಾರೆ. ಆರ್ಗಾನ್ ಯಾವುದರ ಜೊತೆಗೂ ಸೇರದ ಜಡ ಅನಿಲ ಅಂತ ಶಾಲೆಯಲ್ಲಿ ಓದಿದ ನೆನಪು. ಬಣ್ಣ ಇಲ್ಲ, ವಾಸನೆ ಇಲ್ಲ, ಯಾವುದಕ್ಕೂ ಜಗ್ಗಲ್ಲ. ಅಂಥದ್ದನ್ನು ಮೊದಲಿಗೆ ಕಂಡುಹಿಡಿದಿದ್ದಾದರೂ ಹೇಗೆ? ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್ ಇದೆ. ಅದೂ ಸುಮ್ನಿರೋ ಗ್ಯಾಸೇ ಅಲ್ವಾ? ಅದನ್ನೇ ಬಳಸಿದರೆ ಆಗಲ್ವಾ? ಮತ್ತೆ, ಆರ್ಗಾನ್ ವಿಷ ಅಲ್ಲ ಅಂದಮೇಲೆ ಅದರ ಬಗ್ಗೆ ಅಷ್ಟೊಂದು ಎಚ್ಚರಿಕೆ ಯಾಕೆ ಹೇಳುತ್ತಾರೆ?

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗೆ ಉತ್ತರ ಒಂದೇ. ನೈಟ್ರೋಜನ್ ನೀವಂದುಕೊಂಡಷ್ಟು ಸಾಧು ಗ್ಯಾಸ್ ಅಲ್ಲ. ಚೆನ್ನಾಗಿ ಕಾದ ಕೆಲವು ಲೋಹ ಸಿಕ್ಕರೆ ಹೋಗಿ ಅಂಟಿಕೊಳ್ಳುತ್ತದೆ. ಆರ್ಗಾನ್ ಅಂಟಿಕೊಳ್ಳುವುದಿಲ್ಲ. 1894ರಲ್ಲಿ ಆರ್ಗಾನ್ ಸಿಕ್ಕಿದ್ದು ಈ ವ್ಯತ್ಯಾಸದಿಂದಲೇ. ಇವತ್ತು ನೀವು ಸಿಲಿಂಡರ್‌ಗೆ ಕಾಸು ಕೊಡುವುದೂ ಇದೇ ವ್ಯತ್ಯಾಸಕ್ಕೆ: ವೆಲ್ಡಿಂಗ್ ಮಾಡುವಾಗ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಅದು ಸುತ್ತ ನಿಲ್ಲುತ್ತದೆ.

ಮೊದಲು ಒಂದು ಲೆಕ್ಕ. ಒಣ ಗಾಳಿಯಲ್ಲಿ ಆರ್ಗಾನ್ ಶೇ. 0.93ರಷ್ಟಿದೆ. ಕಡಿಮೆ ಅನ್ನಿಸಬಹುದು. ಆದರೆ ದಿನಾ ಸುದ್ದಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಇರುವುದು ಶೇ. 0.04ರ ಆಸುಪಾಸು. ಅಂದರೆ ಆರ್ಗಾನ್ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ನೀವು ಒಂದು ಸಲ ಸಾಮಾನ್ಯವಾಗಿ ಉಸಿರೆಳೆದರೆ ಅರ್ಧ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಒಂದು ಟೀ ಚಮಚದಷ್ಟು ಆರ್ಗಾನ್ ಇರುತ್ತದೆ. ಹೋದ ಹಾಗೇ ವಾಪಸ್ ಬರುತ್ತದೆ. ಮನುಷ್ಯ ಹುಟ್ಟಿದಾಗಿನಿಂದ ಇದನ್ನು ಉಸಿರಾಡುತ್ತಲೇ ಇದ್ದಾನೆ. ಇದೆ ಅಂತ ಗೊತ್ತಾಗಿದ್ದು ಮಾತ್ರ ನಿನ್ನೆ ಮೊನ್ನೆ.

ಹಾಗೆ ನೋಡಿದರೆ ಒಬ್ಬರ ಕೈಗೆ ಇದು ಬಹಳ ಹಿಂದೆಯೇ ಸಿಕ್ಕಿತ್ತು. 1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಒಂದು ಗಾಜಿನ ಕೊಳವೆಯಲ್ಲಿ ಗಾಳಿ ಹಾಕಿ, ಅದಕ್ಕೆ ಆಕ್ಸಿಜನ್ ಬೆರೆಸಿ, ವಿದ್ಯುತ್ ಕಿಡಿ ಹಾರಿಸುತ್ತಾ ಕೂತರು. ಕಿಡಿಯ ಕಾವಿಗೆ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿಕೊಳ್ಳುತ್ತವೆ. ಹಾಗೆ ಆದ ಗ್ಯಾಸನ್ನು ಕ್ಷಾರದ ದ್ರಾವಣ ಹೀರಿಕೊಳ್ಳುತ್ತದೆ. ಹೀಗೆ ಮಾಡ್ತಾ ಮಾಡ್ತಾ ನೈಟ್ರೋಜನ್ ಪೂರ್ತಿ ಖಾಲಿಯಾಗಬೇಕಿತ್ತು. ಆಗಲಿಲ್ಲ. ಒಂದು ಸಣ್ಣ ಗುಳ್ಳೆ ಉಳಿದೇ ಹೋಯಿತು. ಮೂಲದ ನೈಟ್ರೋಜನ್‌ನ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಅಂತ ಅವರು ಬರೆದಿಟ್ಟರು. ನಿಜವಾದ ಲೆಕ್ಕ ಸುಮಾರು 85ರಲ್ಲಿ ಒಂದು. ಆ ಕಾಲದ ಉಪಕರಣ ನೆನೆದರೆ ಅವರ ಅಳತೆಗೆ ಕೈ ಮುಗಿಯಬೇಕು. ಆ ಗುಳ್ಳೆ ಏನು ಅಂತ ಮುಂದಿನ 109 ವರ್ಷ ಯಾರೂ ಕೇಳಲಿಲ್ಲ.

ಕೇಳಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ. ಹೊಸ ಗ್ಯಾಸ್ ಹುಡುಕುವ ಆಸೆ ಅವರಿಗೇನೂ ಇರಲಿಲ್ಲ. ಎಲ್ಲ ಪರಮಾಣುಗಳ ತೂಕವೂ ಹೈಡ್ರೋಜನ್ ತೂಕದ ಪೂರ್ಣಾಂಕ ಪಟ್ಟು ಇರುತ್ತದೆ ಎಂಬ ಹಳೆಯ ಊಹೆಯೊಂದಿತ್ತು. ಅದು ಸರಿಯೇ ಅಂತ ನೋಡಲು 1880ರ ದಶಕದಲ್ಲಿ ಅವರು ಗ್ಯಾಸುಗಳನ್ನು ತೂಗಲು ಶುರು ಮಾಡಿದರು. ಹೈಡ್ರೋಜನ್ ಮುಗಿಯಿತು, ಆಕ್ಸಿಜನ್ ಮುಗಿಯಿತು, ನೈಟ್ರೋಜನ್ ಸರದಿ ಬಂತು. ಗಾಳಿಯನ್ನು ಕೆಂಪಗೆ ಕಾದ ತಾಮ್ರದ ಮೇಲೆ ಹಾಯಿಸಿದರೆ ಆಕ್ಸಿಜನ್ ತಾಮ್ರಕ್ಕೆ ಹೋಗುತ್ತದೆ. ಉಳಿಯುವುದು ನೈಟ್ರೋಜನ್. ತೂಗಿದರು. ಅದಕ್ಕೂ ಮೊದಲು ಅಮೋನಿಯಾ ಬಳಸುವ ಇನ್ನೊಂದು ದಾರಿಯಲ್ಲಿ ನೈಟ್ರೋಜನ್ ತಯಾರಿಸಿ ತೂಗಿದ್ದರು, ಒಂದೇ ವಿಧಾನ ನಂಬಬಾರದು ಅಂತಲೇ ಈ ತಾಮ್ರದ ದಾರಿ. ಅಮೋನಿಯಾ ದಾರಿಯದು ಸಾವಿರದಲ್ಲಿ ಒಂದು ಪಾಲು ಹಗುರ ಇತ್ತು.

ಸಾವಿರದಲ್ಲಿ ಒಂದು! ನಮ್ಮ ನಿಮ್ಮಂಥವರು ತಕ್ಕಡಿ ಸರಿಯಿಲ್ಲ ಅಂದು ಮುಂದಕ್ಕೆ ಹೋಗುತ್ತಿದ್ದೆವು. ರೇಲಿ ಹೋಗಲಿಲ್ಲ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಹೀಗ್ಯಾಕೆ ಆಗುತ್ತಿದೆ, ಯಾರಿಗಾದರೂ ಹೊಳೆದರೆ ಹೇಳಿ ಅಂತ ಓದುಗರನ್ನೇ ಕೇಳಿದರು. ನಂತರ ಅವರು ಮಾಡಿದ ಕೆಲಸ ನನಗೆ ಬಲು ಇಷ್ಟ. ಆ ಸಣ್ಣ ವ್ಯತ್ಯಾಸವನ್ನು ಇಲ್ಲವಾಗಿಸುವ ಬದಲು ದೊಡ್ಡದು ಮಾಡಲು ಹೊರಟರು. ಅಮೋನಿಯಾ ವಿಧಾನದಲ್ಲಿ ಗಾಳಿಯೂ ಬಳಕೆಯಾಗುತ್ತಿತ್ತು. ಹಾಗಾಗಿ ಅಲ್ಲಿ ಸಿಗುತ್ತಿದ್ದ ನೈಟ್ರೋಜನ್‌ನಲ್ಲಿ ಬಹುಪಾಲು ಗಾಳಿಯದೇ. ಗಾಳಿಯ ಬದಲು ಬರೀ ಆಕ್ಸಿಜನ್ ಹಾಕಿದರು. ಈಗ ಸಿಕ್ಕ ನೈಟ್ರೋಜನ್ ಪೂರ್ತಿ ಅಮೋನಿಯಾದ್ದು. ವ್ಯತ್ಯಾಸ ಸಾವಿರಕ್ಕೆ ಒಂದರಿಂದ ಇನ್ನೂರಕ್ಕೆ ಒಂದಕ್ಕೆ ಏರಿತು. ಯೂರಿಯಾದಂಥ ಬೇರೆ ಬೇರೆ ವಸ್ತುಗಳಿಂದ ತೆಗೆದ ನೈಟ್ರೋಜನ್ ಕೂಡ ಹಗುರವಾಗಿಯೇ ಬಂತು. ಲೀಟರಿಗೆ 1.2505 ಗ್ರಾಂ. ಗಾಳಿಯಿಂದ ತೆಗೆದದ್ದು ಮಾತ್ರ 1.257 ಗ್ರಾಂ. ಲೀಟರಿಗೆ ಆರೇಳು ಮಿಲಿಗ್ರಾಂ ಹೆಚ್ಚು. ಗಾಳಿಯಲ್ಲಿ ಯಾವುದೋ ಭಾರದ ವಸ್ತು ನೈಟ್ರೋಜನ್ ಜೊತೆ ಬಚ್ಚಿಟ್ಟುಕೊಂಡಿದೆ ಎಂಬ ಅನುಮಾನ ಬಲವಾಯಿತು.

ಈ ಹಂತದಲ್ಲಿ ವಿಲಿಯಂ ರಾಮ್ಸೆ ಬರುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. ಕೆಂಪಗೆ ಕಾದ ಮೆಗ್ನೀಸಿಯಂ ನೈಟ್ರೋಜನ್ ಹೀರುತ್ತದೆ ಅಂತ ಅವರಿಗೆ ಗೊತ್ತಿತ್ತು. ಗಾಳಿಯ ನೈಟ್ರೋಜನ್ ತೆಗೆದುಕೊಂಡು ಕಾದ ಮೆಗ್ನೀಸಿಯಂ ಚೂರುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹಾಯಿಸುತ್ತಲೇ ಇದ್ದರು. ಗ್ಯಾಸ್ ಕಡಿಮೆಯಾಗುತ್ತಾ ಬಂತು. ಉಳಿದದ್ದರ ಸಾಂದ್ರತೆ ಏರುತ್ತಾ ಹೋಯಿತು. ಹೈಡ್ರೋಜನ್‌ನ 14 ಪಟ್ಟು ಇದ್ದದ್ದು 15 ಆಯಿತು, 16 ಆಯಿತು, ಕೊನೆಗೆ 20ರ ಹತ್ತಿರ ನಿಂತಿತು. ಆಮೇಲೆ ಮೆಗ್ನೀಸಿಯಂ ಮೇಲೆ ಎಷ್ಟು ಸಲ ಹಾಯಿಸಿದರೂ ಅದು ಕದಲಲಿಲ್ಲ. ಆ ಹೊತ್ತಿಗೆ ರೇಲಿ ಅತ್ತ ಕ್ಯಾವೆಂಡಿಶರ ಹಳೆಯ ಕಿಡಿ ಪ್ರಯೋಗವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. ಅವರಿಗೂ ಅದೇ ಗುಳ್ಳೆ ಸಿಕ್ಕಿತು.

ಈ ಗ್ಯಾಸನ್ನು ಕೊಳವೆಯಲ್ಲಿ ತುಂಬಿ ವಿದ್ಯುತ್ ಹಾಯಿಸಿ ರೋಹಿತ, ಅಂದರೆ ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ ಕೆಂಪು, ಹಸಿರು ಗೆರೆಗಳು ಕಂಡವು. ಆವರೆಗೆ ಗೊತ್ತಿದ್ದ ಯಾವ ಧಾತುವಿಗೂ ಅವು ಹೊಂದಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಯಾವ ವಸ್ತುವಿನ ಜೊತೆಗೂ ಸೇರದ ಗ್ಯಾಸಿಗೂ ತೂಕ ಇರುತ್ತದೆ, ಬೆಳಕಿನಲ್ಲಿ ಅದರದ್ದೇ ಗುರುತು ಇರುತ್ತದೆ. ಈ ಎರಡನ್ನೂ ಬಚ್ಚಿಡಲು ಅದಕ್ಕೆ ಆಗಲಿಲ್ಲ.

ಬೇಕಿದ್ದರೆ ನೀವೇ ಲೆಕ್ಕ ಹಾಕಿ ನೋಡಿ. ಗಾಳಿಯ ನೈಟ್ರೋಜನ್ ಎಂದು ತೂಗಿದ್ದರಲ್ಲಿ ಆರ್ಗಾನ್ ಶೇ. 1.2ರಷ್ಟಿತ್ತು. ಆರ್ಗಾನ್ ನೈಟ್ರೋಜನ್‌ಗಿಂತ ಶೇ. 43ರಷ್ಟು ಭಾರ. ಎರಡನ್ನೂ ಗುಣಿಸಿದರೆ ಹತ್ತಿರ ಹತ್ತಿರ ಅರ್ಧ ಶೇಕಡಾ. ಅದೇ ರೇಲಿಯವರ ಇನ್ನೂರರಲ್ಲಿ ಒಂದು.

1894ರ ಆಗಸ್ಟ್ 13ರಂದು ಆಕ್ಸ್‌ಫರ್ಡ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಶನ್ ಎಂಬ ವಿಜ್ಞಾನ ಸಂಘದ ಸಭೆಯಲ್ಲಿ ಇಬ್ಬರೂ ಸೇರಿ ವಿಷಯ ಹೇಳಿದರು. ಹೆಸರು ಬಂದದ್ದು ಗ್ರೀಕ್ ಭಾಷೆಯಿಂದ. ‘ಆರ್ಗಾಸ್’ ಎಂದರೆ ಕೆಲಸ ಮಾಡದವನು, ಸೋಮಾರಿ. (ತಲೆಗೂದಲಿಗೆ ಹಚ್ಚುವ ಆರ್ಗನ್ ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಅದು ಒಂದು ಮರದ ಬೀಜದ ಎಣ್ಣೆ. ಈ ಪ್ರಶ್ನೆಯೂ ನನಗೆ ಆಗಾಗ ಬರುತ್ತದೆ!)

ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ಧಾತುಗಳನ್ನು ತೂಕದ ಸಾಲಿನಲ್ಲಿ ಜೋಡಿಸಿ ಆವರ್ತಕ ಕೋಷ್ಟಕ ಮಾಡಿದ ಮೆಂಡಲೀವ್ ಅವರೇ ಒಪ್ಪಲಿಲ್ಲ. ಆಕ್ಸಿಜನ್‌ನ ಮೂರು ಪರಮಾಣು ಸೇರಿದರೆ ಓಝೋನ್ ಆಗುವಂತೆ ಇದು ಮೂರು ಪರಮಾಣುಗಳ ನೈಟ್ರೋಜನ್ ಇರಬಹುದು ಅಂತ ಅವರ ವಾದ. ಸುಮ್ನೆ ಹಠವೇನಲ್ಲ, ಅವರ ತೊಂದರೆ ನಿಜವಾದದ್ದು. ಆರ್ಗಾನ್‌ನಲ್ಲಿ ಶಬ್ದದ ವೇಗ ಅಳೆದು ನೋಡಿದಾಗ ಅದು ಒಂಟಿ ಪರಮಾಣುಗಳ ಗ್ಯಾಸ್ ಅಂತ ತಿಳಿದಿತ್ತು. ಹಾಗಾದರೆ ಪರಮಾಣು ತೂಕ 40ರ ಹತ್ತಿರ. ಕೋಷ್ಟಕದಲ್ಲಿ ಅಲ್ಲಿ ಖಾಲಿ ಮನೆಯೇ ಇಲ್ಲ! ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40.

ಜಗಳ ಬಗೆಹರಿಸಿದ್ದು ನೆಂಟರು. 1895ರಲ್ಲಿ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಲ್ಲಿ ಆರ್ಗಾನ್ ಹುಡುಕಲು ಹೋಗಿ ಹೀಲಿಯಂ ಕಂಡರು. 1898ರಲ್ಲಿ ಅವರೂ ಅವರ ಸಹಾಯಕ ಮೋರಿಸ್ ಟ್ರಾವರ್ಸ್ ಅವರೂ ಸೇರಿ ಕ್ರಿಪ್ಟಾನ್, ನಿಯಾನ್, ಝೆನಾನ್ ಮೂರನ್ನೂ ಒಂದೇ ವರ್ಷದಲ್ಲಿ ಹಿಡಿದರು. ಒಂದು ಗ್ಯಾಸಿಗೆ ಮನೆ ಇಲ್ಲ ಅನ್ನಬಹುದು. ಇಡೀ ಕುಟುಂಬ ಬಂದು ನಿಂತರೆ ಹೊಸ ಸಾಲನ್ನೇ ಕಟ್ಟಬೇಕಾಯಿತು. 1904ರಲ್ಲಿ ರೇಲಿಗೆ ಭೌತಶಾಸ್ತ್ರದ, ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೂ ಒಂದು ಗೋಜಲು ಉಳಿದಿತ್ತು. ಆರ್ಗಾನ್ 39.95, ಪೊಟ್ಯಾಸಿಯಂ 39.10. ಹಗುರದ್ದು ಹಿಂದೆ, ಭಾರದ್ದು ಮುಂದೆ. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲಿ ಎಕ್ಸ್-ರೇ ಪ್ರಯೋಗ ಮಾಡಿ, ಸಾಲು ತೂಕದ ಮೇಲೆ ನಿಂತಿಲ್ಲ, ಪರಮಾಣುವಿನ ನಡುವಿನ ವಿದ್ಯುದಂಶದ ಮೇಲೆ ನಿಂತಿದೆ ಅಂತ ತೋರಿಸಿದರು. ಆರ್ಗಾನ್ 18, ಪೊಟ್ಯಾಸಿಯಂ 19. ಸರಿ, ಆರ್ಗಾನ್ ಅಷ್ಟು ಭಾರ ಯಾಕೆ? ಇದರ ಉತ್ತರ ಚೆಂದ ಇದೆ. ಪೊಟ್ಯಾಸಿಯಂನ ಒಂದು ಬಗೆ, ಪೊಟ್ಯಾಸಿಯಂ-40, ತಾನಾಗಿಯೇ ಕ್ಷಯಿಸುತ್ತದೆ. ಅರ್ಧ ಕರಗಲು 125 ಕೋಟಿ ವರ್ಷ ಬೇಕು. ಹತ್ತರಲ್ಲಿ ಒಂದು ಪಾಲು ಆರ್ಗಾನ್-40 ಆಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಗಾಳಿಯಲ್ಲಿರುವ ಆರ್ಗಾನ್‌ನಲ್ಲಿ ಶೇ. 99.6ರಷ್ಟು ಈ ಆರ್ಗಾನ್-40. ಅಂದರೆ ನಿಮ್ಮ ಸಿಲಿಂಡರಿನಲ್ಲಿರುವುದು ಕಲ್ಲುಬಂಡೆಯ ಪೊಟ್ಯಾಸಿಯಂ ಹೆತ್ತ ಗ್ಯಾಸ್. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ ಕೂಡ ಸೆಕೆಂಡಿಗೆ ಕೆಲವು ನೂರು ಆರ್ಗಾನ್ ಪರಮಾಣು ಹುಟ್ಟಿಸುತ್ತದೆ.

ಭೂವಿಜ್ಞಾನಿಗಳಿಗೆ ಇದು ಗಡಿಯಾರ. ಲಾವಾ ಕರಗಿದ ಸ್ಥಿತಿಯಲ್ಲಿದ್ದಾಗ ಆರ್ಗಾನ್ ಹೊರಗೆ ಓಡಿಹೋಗುತ್ತದೆ, ಏಕೆಂದರೆ ಯಾರ ಜೊತೆಗೂ ಅದಕ್ಕೆ ಬಂಧವಿಲ್ಲ. ಗಟ್ಟಿಯಾದ ಮೇಲೆ ಹೊಸದಾಗಿ ಹುಟ್ಟಿದ ಆರ್ಗಾನ್ ಹರಳಿನೊಳಗೆ ಸಿಕ್ಕಿಬೀಳುತ್ತದೆ. ಅದನ್ನು ಅಳೆದರೆ ಕಲ್ಲಿನ ವಯಸ್ಸು ಗೊತ್ತಾಗುತ್ತದೆ.

ಇಷ್ಟಕ್ಕೂ ಆರ್ಗಾನ್ ಯಾಕೆ ಹೀಗೆ? ಅದರ 18 ಎಲೆಕ್ಟ್ರಾನುಗಳು 2, 8, 8 ಅಂತ ಜೋಡಿಸಿಕೊಂಡಿವೆ. ಹೊರಗಿನ ಸುತ್ತು ಭರ್ತಿ. ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ರಾಮ್ಸೆ ಒಂದಿಷ್ಟು ಆರ್ಗಾನನ್ನು ಪ್ಯಾರಿಸ್‌ನ ರಸಾಯನಶಾಸ್ತ್ರಜ್ಞ ಮೊಯಿಸಾನ್ ಅವರಿಗೆ ಕಳಿಸಿಕೊಟ್ಟಿದ್ದರು. ಕಂಡಕಂಡದ್ದನ್ನೆಲ್ಲ ಸುಡುವ ಫ್ಲೋರಿನ್ ಅವರ ಬಳಿ ಇತ್ತು. ಅದಕ್ಕೂ ಆರ್ಗಾನ್ ಬಗ್ಗಲಿಲ್ಲ. 2000ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಹೈಡ್ರೋಜನ್, ಫ್ಲೋರಿನ್ ಜೊತೆ ಆರ್ಗಾನ್ ಸೇರಿದ ಒಂದು ಅಣುವನ್ನು ಮಾಡಿದ್ದು ನಿಜ. ಆದರೆ ಅದು ಉಳಿಯುವುದು ಮೈನಸ್ 250 ಡಿಗ್ರಿಗೂ ಕೆಳಗಿನ ಚಳಿಯಲ್ಲಿ. ನಿಮ್ಮ ವರ್ಕ್‌ಶಾಪಿಗೆ ಅದರಿಂದ ಏನೂ ಆಗಬೇಕಿಲ್ಲ.

ಈಗ ನೈಟ್ರೋಜನ್ ಪ್ರಶ್ನೆಗೆ ಬರೋಣ. ನೈಟ್ರೋಜನ್ ಒಂಟಿಯಾಗಿರುವುದಿಲ್ಲ. ಎರಡೆರಡು ಪರಮಾಣು ಮೂರು ಬಂಧಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಸಾಮಾನ್ಯ ಬಿಸಿಯಲ್ಲಿ ಅದು ಸುಮ್ಮನಿರುವುದು ಆ ಹಿಡಿತದಿಂದ. ವೆಲ್ಡಿಂಗ್ ಆರ್ಕ್‌ನಲ್ಲಿ, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿಯಲ್ಲಿ, ಸಾವಿರಾರು ಡಿಗ್ರಿ ಬಿಸಿ. ಹಿಡಿತ ಬಿಟ್ಟುಹೋಗುತ್ತದೆ. ಬಿಡಿಯಾದ ನೈಟ್ರೋಜನ್ ಕರಗಿದ ಲೋಹಕ್ಕೆ ಇಳಿಯುತ್ತದೆ. ಉಕ್ಕು ತಣ್ಣಗಾಗುವಾಗ ಅದು ಗುಳ್ಳೆಯಾಗಿ ಸಿಕ್ಕಿಕೊಂಡು ಬೆಸುಗೆ ತೂತುತೂತಾಗುತ್ತದೆ. ಟೈಟಾನಿಯಂ ಅಂತೂ ನೈಟ್ರೋಜನ್ ಕುಡಿದು ಗಾಜಿನ ಹಾಗೆ ಪೆಡಸಾಗುತ್ತದೆ. ರಾಮ್ಸೆಯವರ ಮೆಗ್ನೀಸಿಯಂ ನೆನಪಿದೆಯಲ್ಲ? ಅಲ್ಲಿ ಉಪಕಾರ ಮಾಡಿದ ಗುಣ ಇಲ್ಲಿ ಶತ್ರು. ಆರ್ಗಾನ್‌ನಲ್ಲಿ ಮುರಿಯಲು ಬಂಧವೇ ಇಲ್ಲ. ಎಷ್ಟು ಕಾಯಿಸಿದರೂ ಅದು ಆರ್ಗಾನೇ.

ಇದನ್ನು ನಾನು ಕಲಿತದ್ದು ವಿದ್ಯಾರ್ಥಿಯಾಗಿದ್ದಾಗ, ಒಂದು ತುಂಡು ಲಿಥಿಯಂ ಹಾಳುಮಾಡಿ. ಗಾಳಿ ತಾಗಬಾರದು ಅಂತ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಕಪ್ಪಗೆ ಕೂತಿತ್ತು. ಲಿಥಿಯಂ ಕಾಯಿಸದೆಯೇ ನೈಟ್ರೋಜನ್ ಜೊತೆ ಸೇರುತ್ತದೆ. ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಆರ್ಗಾನೇ.

ಆರ್ಗಾನ್‌ಗೆ ಇನ್ನೆರಡು ಅನುಕೂಲ ಇವೆ. ಅದು ಗಾಳಿಗಿಂತ ಸುಮಾರು 1.4 ಪಟ್ಟು ಭಾರ, ಹಾಗಾಗಿ ಕರಗಿದ ಲೋಹದ ಮೇಲೆ ಹೊದಿಕೆಯಂತೆ ಕೂರುತ್ತದೆ. ಅದರಲ್ಲಿ ಆರ್ಕ್ ಬೇಗ ಹತ್ತಿಕೊಳ್ಳುತ್ತದೆ, ಅಲುಗಾಡದೆ ನಿಲ್ಲುತ್ತದೆ. ಹೀಲಿಯಂ ಕೂಡ ಜಡ ಅನಿಲವೇ, ದಪ್ಪ ಅಲ್ಯೂಮಿನಿಯಂಗೆ ಹೆಚ್ಚು ಕಾವು ಕೊಡುತ್ತದೆ. ಆದರೆ ಹಗುರವಾದ್ದರಿಂದ ಮೇಲಕ್ಕೆ ಹಾರಿಹೋಗುತ್ತದೆ, ಜಾಸ್ತಿ ಹರಿಸಬೇಕು. ನಿಮ್ಮ ಟಿಗ್ (ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹೊತ್ತಿಸುವ ವೆಲ್ಡಿಂಗ್) ಕೆಲಸಕ್ಕೆ ನಿಮಿಷಕ್ಕೆ 8ರಿಂದ 12 ಲೀಟರ್ ಸಾಮಾನ್ಯವಾಗಿ ಸಾಕು. ಹೊಸಬರು ಹೆಚ್ಚು ಬಿಟ್ಟರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಜಾಸ್ತಿ ರಭಸವಾದರೆ ಸುಳಿ ಎದ್ದು ಅಕ್ಕಪಕ್ಕದ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಆರ್ಕ್ ನಿಂತ ಮೇಲೂ ಕೆಲವು ಸೆಕೆಂಡು ಗ್ಯಾಸ್ ಹರಿಯಲಿ, ಟಂಗ್‌ಸ್ಟನ್ ಇನ್ನೂ ಕಾದಿರುತ್ತದೆ. ಸ್ಟೇನ್‌ಲೆಸ್ ಪೈಪಾದರೆ ಒಳಭಾಗಕ್ಕೂ ಆರ್ಗಾನ್ ತುಂಬಿ. ಇಲ್ಲದಿದ್ದರೆ ಒಳಗೆ ಸುಟ್ಟ ಸಕ್ಕರೆ ಮೆತ್ತಿದ ಹಾಗೆ ಕರಕಲಾಗುತ್ತದೆ. ಇಲ್ಲಿ ಮಾತ್ರ ನಿಮ್ಮ ಮಾತಿಗೂ ಸ್ವಲ್ಪ ಜಾಗ ಇದೆ. ಕೆಲವು ಬಗೆಯ ಸ್ಟೇನ್‌ಲೆಸ್ ಪೈಪಿನ ಒಳಗಡೆಗೆ ನೈಟ್ರೋಜನ್ ಬಳಸುವುದುಂಟು, ಅಲ್ಲಿ ಆರ್ಕ್ ನೇರವಾಗಿ ತಾಗುವುದಿಲ್ಲ.

ಇನ್ನು ಆ ಸ್ಟೇನ್‌ಲೆಸ್ ಸ್ಟೀಲ್ ಹುಟ್ಟುವಾಗಲೇ ಆರ್ಗಾನ್ ಬೇಕು. ಕರಗಿದ ಉಕ್ಕಿನಲ್ಲಿರುವ ಕಾರ್ಬನ್ ತೆಗೆಯಲು ಆಕ್ಸಿಜನ್ ಊದುತ್ತಾರೆ. ಬರೀ ಆಕ್ಸಿಜನ್ ಊದಿದರೆ ದುಬಾರಿ ಕ್ರೋಮಿಯಂ ಕೂಡ ಸುಟ್ಟುಹೋಗುತ್ತದೆ. ಆರ್ಗಾನ್ ಬೆರೆಸಿ ಊದಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ತೆಳುವಾಗುತ್ತದೆ. ಆಗ ಆಕ್ಸಿಜನ್ ಕ್ರೋಮಿಯಂ ಬಿಟ್ಟು ಕಾರ್ಬನ್ ಕಡೆಗೆ ಹೋಗುತ್ತದೆ. ಆರ್ಗಾನ್ ಇಲ್ಲೂ ತಾನು ಏನೂ ಮಾಡುವುದಿಲ್ಲ, ಜಾಗ ಮಾತ್ರ ಹಿಡಿದುಕೊಳ್ಳುತ್ತದೆ. ಸಾಕಷ್ಟೇ.

ಉಳಿದ ಬಳಕೆಗಳೂ ಇದೇ ಜಾತಿಯವು. ಹಳೆಯ ತಂತಿ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಹೋಗದಂತೆ ಆರ್ಗಾನ್ ತುಂಬುತ್ತಿದ್ದರು, ಜೊತೆಗೆ ಒಂದಿಷ್ಟು ನೈಟ್ರೋಜನ್. ಚಿಪ್‌ಗೆ ಬೇಕಾದ ಸಿಲಿಕಾನ್ ಹರಳು ಬೆಳೆಸುವುದು ಆರ್ಗಾನ್ ಒಳಗೆ. ಎರಡು ಪದರದ ಕಿಟಕಿ ಗಾಜಿನ ನಡುವೆ ಅದನ್ನೇ ತುಂಬುತ್ತಾರೆ, ಗಾಳಿಯ ಮೂರನೇ ಎರಡರಷ್ಟು ಮಾತ್ರ ಶಾಖ ದಾಟಿಸುತ್ತದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿ 2003ರಿಂದ ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿದೆ. ಭೌತವಿಜ್ಞಾನಿಗಳು ದ್ರವ ಆರ್ಗಾನ್ ತುಂಬಿದ ದೊಡ್ಡ ತೊಟ್ಟಿಗಳಲ್ಲಿ ನ್ಯೂಟ್ರಿನೊ ಎಂಬ, ಬಹುತೇಕ ಏನನ್ನೂ ತಾಗದೆ ಹಾದುಹೋಗುವ ಕಣಗಳ ಗುರುತು ಹುಡುಕುತ್ತಾರೆ.

ಇಷ್ಟೆಲ್ಲ ಆರ್ಗಾನ್ ಬರುವುದು ಗಾಳಿಯಿಂದಲೇ. ಗಾಳಿಯನ್ನು ದ್ರವ ಮಾಡಿ ಬಟ್ಟಿ ಇಳಿಸುತ್ತಾರೆ. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆರ್ಗಾನ್ ಮೈನಸ್ 186, ಆಕ್ಸಿಜನ್ ಮೈನಸ್ 183. ಆರ್ಗಾನ್‌ಗೂ ಆಕ್ಸಿಜನ್‌ಗೂ ಮೂರೇ ಡಿಗ್ರಿ ಅಂತರ ನೋಡಿ. ಅದನ್ನು ಬಿಡಿಸಲು ಪಕ್ಕದಲ್ಲಿ ಬಟ್ಟಿ ಇಳಿಸುವ ಇನ್ನೊಂದು ಎತ್ತರದ ಗೋಪುರವೇ ಬೇಕು. ನೈಟ್ರೋಜನ್‌ಗಿಂತ ಇದು ದುಬಾರಿಯಾಗಲು ಅದೂ ಒಂದು ಕಾರಣ. ಆದರೂ ಜಡ ಅನಿಲಗಳಲ್ಲಿ ಇದೇ ಅಗ್ಗ. ಕ್ರಿಪ್ಟಾನ್, ಝೆನಾನ್ ಗಾಳಿಯಲ್ಲಿ ಇರುವುದೇ ಚಿಟಿಕೆಯಷ್ಟು.

ಕೊನೆಯ ಪ್ರಶ್ನೆ, ಎಚ್ಚರಿಕೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಆರ್ಗಾನ್ ವಿಷ ಅಲ್ಲ. ಅದು ಕೊಲ್ಲುವುದು ಆಕ್ಸಿಜನ್‌ನ ಜಾಗ ಆಕ್ರಮಿಸಿ. ಉಸಿರು ಕಟ್ಟಿದಾಗ ನಮಗೆ ಒದ್ದಾಟವಾಗುತ್ತದೆ ಅಲ್ವಾ? ಆ ಒದ್ದಾಟ ಆಕ್ಸಿಜನ್ ಇಲ್ಲದ್ದಕ್ಕಲ್ಲ, ಮೈಯೊಳಗೆ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡದ್ದಕ್ಕೆ. ಆರ್ಗಾನ್ ಉಸಿರಾಡುವವರಿಗೆ ಕಾರ್ಬನ್ ಡೈಆಕ್ಸೈಡ್ ಸರಾಗವಾಗಿ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಏನೂ ಅನ್ನಿಸುವುದಿಲ್ಲ. ಕೆಮ್ಮು ಇಲ್ಲ, ವಾಸನೆ ಇಲ್ಲ. ಪೂರ್ತಿ ಆರ್ಗಾನ್ ಇದ್ದ ಜಾಗದಲ್ಲಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು.

ಭಾರವಾದ್ದರಿಂದ ಅದು ತಗ್ಗಿನಲ್ಲಿ ನಿಲ್ಲುತ್ತದೆ. ಟ್ಯಾಂಕಿನ ತಳ, ಗುಂಡಿ, ದೊಡ್ಡ ಪೈಪಿನ ಒಳಗೆ ಮೊದಲಿನ ದಿನ ಬಿಟ್ಟ ಗ್ಯಾಸ್ ಮರುದಿನವೂ ಇರಬಹುದು. ಇಂಥ ಕಡೆ ಇಳಿಯುವ ಮೊದಲು ಆಕ್ಸಿಜನ್ ಮೀಟರ್ ಇಳಿಬಿಟ್ಟು ನೋಡಿ. ಶೇ. 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯಬೇಡಿ, ಗಾಳಿ ಹಾಯಿಸಿ. ಚಿಕ್ಕ ಕೋಣೆಯಲ್ಲಿ ಕೆಲಸ ಮಾಡುವಾಗ ಬಾಗಿಲು ತೆರೆದಿರಲಿ, ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿ. ಮತ್ತೆ, ಟ್ಯಾಂಕಿನೊಳಗೆ ಜೊತೆಗಾರ ಬಿದ್ದಿರುವುದು ಕಂಡರೆ ಉಸಿರು ಹಿಡಿದು ಧುಮುಕಲು ಹೋಗಬೇಡಿ. ಇಂಥ ಅಪಘಾತಗಳಲ್ಲಿ ಎರಡನೇ ಹೆಣ ಬಹಳ ಸಲ ಕಾಪಾಡಲು ಇಳಿದವರದ್ದು. ಕೂಗಿ ಜನ ಕರೆಯಿರಿ, ಒಳಗೆ ಗಾಳಿ ಊದಿಸಿ, ಉಸಿರಾಟದ ಸಿಲಿಂಡರ್ ತೊಟ್ಟವರು ಮಾತ್ರ ಇಳಿಯಲಿ.